ಪ್ರಶ್ನೆಪತ್ರಿಕೆ ಮೊದಲು, ಪಾಠ ಆಮೇಲೆ: ದುರ್ಗದ ನೀರಿನ ಮೇಲೊಂದು ಕಲಿಕಾ ಘಟಕ ಕಟ್ಟುವ ಬಗೆ

"ಪಠ್ಯಕ್ರಮ ಮಾಡೋದು ಬೆಂಗಳೂರಿನವರ ಕೆಲಸ, ಮುಗಿಸೋದು ನಮ್ಮ ಕೆಲಸ." ಚಿತ್ರದುರ್ಗ, ದಾವಣಗೆರೆ ಕಡೆಯ ಯಾವ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಯಾವ ತರಗತಿಗೆ ಏನು ಕಲಿಸಬೇಕು ಎಂಬುದು ಮೇಲಿನಿಂದಲೇ ಬರುತ್ತದೆ, ಸರಿ. ಆದರೆ ಯಾವ ಉದಾಹರಣೆ, ಯಾವುದು ಮೊದಲು, ಯಾವುದಕ್ಕೆ ಎಷ್ಟು ಪೀರಿಯಡ್, ಎಂಥ ಚಟುವಟಿಕೆ, ಎಂಥ ಪ್ರಶ್ನೆ? ಇಷ್ಟೂ ನಿಮ್ಮ ಕೈಯಲ್ಲೇ ಇದೆ. ತರಗತಿಯೊಳಗೆ ನಿಜವಾಗಿ ನಡೆಯುವ ಪಠ್ಯಕ್ರಮ ಅಂದರೆ ಇದೇ ಅಲ್ವಾ?

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ಕಾರ್ಡು, ಕಲಿಕೆಯ ಹಂತಗಳನ್ನು ತೋರಿಸುವ ಏಣಿ ಇಟ್ಟುಕೊಂಡು ಕಲಿಸುವುದನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕನ್ನಡದಲ್ಲಿ ಅದನ್ನು ಕಟ್ಟಿದರು. ರಾಜ್ಯವಿಡೀ ಹರಡಿದ್ದು ಆಮೇಲೆ. ಕೆಳಗಿನಿಂದ ಮೇಲಕ್ಕೆ ಹೋದ ಪಠ್ಯಕ್ರಮವೂ ನಮ್ಮಲ್ಲೇ ಇದೆ.

ಈ ಲೇಖನದಲ್ಲಿ ಅಷ್ಟು ದೊಡ್ಡ ಕೆಲಸ ಹೇಳುತ್ತಿಲ್ಲ. ಏಳನೇ ತರಗತಿಗೆ ಹನ್ನೆರಡು ಪೀರಿಯಡ್‌ಗಳ ಒಂದು ಘಟಕ. ಹೆಸರು 'ನಮ್ಮೂರ ನೀರು' ಅಂತಿಟ್ಟುಕೊಳ್ಳೋಣ. ಗಣಿತ, ವಿಜ್ಞಾನ, ಸಮಾಜ, ಕನ್ನಡ ಪಾಠಗಳು ಒಂದೇ ವಿಷಯದ ಸುತ್ತ ಸೇರುತ್ತವೆ. ಅದನ್ನು ಕಟ್ಟುವುದು ಹೇಗೆ, ಕಲಿಸಿದ ಮೇಲೆ ಪಾಠ ಕೆಲಸ ಮಾಡಿತೋ ಇಲ್ಲವೋ ಎಂದು ತೂಗಿ ನೋಡುವುದು ಹೇಗೆ, ಎರಡನ್ನೂ ನೋಡೋಣ. ಎರಡನೆಯದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಘಟಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬರೆದದ್ದನ್ನು ಪರೀಕ್ಷೆಗೆ ಒಡ್ಡುವವರು ಕಡಿಮೆ.

ವಿಷಯ ಆರಿಸುವುದು

ಊರಿನಲ್ಲಿ ಕಣ್ಣಿಗೆ ಕಾಣುವ, ಮನೆಯಲ್ಲಿ ದಿನವೂ ಮಾತಿಗೆ ಬರುವ ವಿಷಯ ತೆಗೆದುಕೊಳ್ಳಿ. ಚಿತ್ರದುರ್ಗ ಜಿಲ್ಲೆಯಲ್ಲಿ ನೀರಿಗಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಚಳ್ಳಕೆರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿ ವಿಲಾಸ ಸಾಗರ ಇದೆ, ಜನರ ಬಾಯಲ್ಲಿ ಮಾರಿಕಣಿವೆ. ನಾಯಕನಹಟ್ಟಿ ಕಡೆಗೆ ಹೋದರೆ ಸಂತ ತಿಪ್ಪೇರುದ್ರಸ್ವಾಮಿ ಕಟ್ಟಿಸಿದರೆಂದು ಹೇಳುವ ಕೆರೆಗಳಿವೆ, ಅವರ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಮಕ್ಕಳಿಗೂ ಗೊತ್ತು. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆ, ಅದು ಹೇಳುವುದೂ ಕೆರೆಯ ವಿಷಯವೇ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಮೇಲಿನ ಹೊಂಡ ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ, ಕಡೆಗೆ ಊರೊಳಗಿನ ಸಂತೆಹೊಂಡದವರೆಗೂ ಬರುವ ಹಾಗೆ ಕಟ್ಟಿದ್ದಾರೆ.

ದಾವಣಗೆರೆ ಕಡೆಯವರಿಗೆ ಕಥೆ ಬೇರೆ. ಚನ್ನಗಿರಿಯವರಿಗೆ ಸೂಳೆಕೆರೆ, ಹರಿಹರದವರಿಗೆ ತುಂಗಭದ್ರೆ, ಭತ್ತದ ಊರುಗಳಿಗೆ ಭದ್ರಾ ನಾಲೆ. ನಾಲೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬ ಜಗಳ ಅಲ್ಲಿಯ ಮಕ್ಕಳು ಹುಟ್ಟಿದಾಗಿಂದ ಕೇಳುತ್ತಿರುವುದೇ. ಜಗಳೂರಿನವರು ಮಾತ್ರ ಚಳ್ಳಕೆರೆಯ ಘಟಕವನ್ನೇ ಹೆಚ್ಚುಕಡಿಮೆ ಹಾಗೇ ಬಳಸಬಹುದು, ಅಲ್ಲಿಯೂ ಬರದ್ದೇ ಮಾತು.

"ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಯಾಕೆ ಮಾಡ್ತೀರಿ" ಎಂದು ಯಾರಾದರೂ ಕೇಳಿದರೆ ಉತ್ತರ ರೆಡಿ ಇಟ್ಟುಕೊಳ್ಳಿ. ಏಳನೇ ತರಗತಿ ಗಣಿತದಲ್ಲಿ ವಿಸ್ತೀರ್ಣ ಇದೆ, ದತ್ತಾಂಶ ನಿರ್ವಹಣೆ ಇದೆ. ಆ ಪಾಠಗಳ ಪೀರಿಯಡ್‌ಗಳನ್ನೇ ಇದಕ್ಕೆ ತೆಗೆದುಕೊಳ್ಳಿ. ಹೊಸ ಪೀರಿಯಡ್ ಕೇಳಬೇಡಿ, ಯಾರೂ ಕೊಡುವುದಿಲ್ಲ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ವವೇ. ಬಿಆರ್‌ಪಿ (ಬ್ಲಾಕ್ ಸಂಪನ್ಮೂಲ ವ್ಯಕ್ತಿ) ಬಂದಾಗ ಇದನ್ನು ಹೇಳಲು ಹಿಂಜರಿಯಬೇಕಿಲ್ಲ.

ಮಕ್ಕಳಿಗೆ ಈಗಾಗಲೇ ಏನು ಗೊತ್ತು?

ಬರೆಯಲು ಕೂರುವ ಮೊದಲು ಒಂದು ಪೀರಿಯಡ್ ಇದಕ್ಕೆ ಕೊಡಿ. ಮೂರು ಸಣ್ಣ ಪ್ರಶ್ನೆ ಸಾಕು. "ನಿನ್ನೆ 10 ಮಿಲಿಮೀಟರ್ ಮಳೆ ಬಿತ್ತು ಅಂದರೆ ಏನು?" "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಚಿತ್ರ ಬಿಡಿಸಿ." "ಕೆರೆ ಯಾಕೆ ಬತ್ತುತ್ತದೆ?" ಅಂಕ ಹಾಕಬೇಡಿ. ಉತ್ತರಗಳನ್ನು ಸುಮ್ನೆ ಗುಂಪು ಮಾಡಿ ಇಟ್ಟುಕೊಳ್ಳಿ.

ಮೊದಲ ಪ್ರಶ್ನೆಗೆ ತರಗತಿಯ ಬಹುಪಾಲು ಮಕ್ಕಳು "ಜಾಸ್ತಿ ಮಳೆ", "ಸ್ವಲ್ಪ ಮಳೆ" ಎಂದೇ ಬರೆಯುತ್ತಾರೆ. ಮಿಲಿಮೀಟರ್ ಎನ್ನುವುದು ಉದ್ದದ ಅಳತೆ, ಅದರಲ್ಲಿ ನೀರನ್ನು ಹೇಗೆ ಅಳೆಯುತ್ತಾರೆ ಎಂಬ ಗೊಂದಲ ಕೆಲವರಿಗೆ ಬರುತ್ತದೆ. ಆ ಗೊಂದಲ ಬಂದವರೇ ಮುಂದಿದ್ದಾರೆ ಅಂತ ತಿಳಿಯಿರಿ.

ಎರಡನೇ ಪ್ರಶ್ನೆಯ ಚಿತ್ರಗಳು ಇನ್ನೂ ಹೆಚ್ಚು ಹೇಳುತ್ತವೆ. ನಲ್ಲಿ ಬಿಡಿಸಿ ನಿಲ್ಲಿಸಿದವರು ಯಾರು, ನಲ್ಲಿಯಿಂದ ಟ್ಯಾಂಕ್, ಟ್ಯಾಂಕಿನಿಂದ ಬೋರು ಅಂತ ಹಿಂದಕ್ಕೆ ಹೋದವರು ಯಾರು, ಟ್ಯಾಂಕರ್ ಬಿಡಿಸಿದವರು ಯಾರು, ನೋಡಿ. ಟ್ಯಾಂಕರ್ ಚಿತ್ರ ಬಿಡಿಸಿದ ಮಗುವಿನ ಮನೆಯಲ್ಲಿ ನೀರಿನ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು.

ಇನ್ನೊಂದು ಸಂಗತಿ. ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಮನೆಮಾತು ತೆಲುಗು ಇರುವ ಮಕ್ಕಳು ಬಹಳ. ತಾಂಡಾಗಳಿಂದ ಬರುವವರದ್ದು ಲಂಬಾಣಿ. ಅವರು ಗುಂಪಿನಲ್ಲಿ ತಮ್ಮ ಮಾತಿನಲ್ಲೇ ಚರ್ಚಿಸಲಿ, ತರಗತಿಗೆ ಹೇಳುವಾಗ ಕನ್ನಡಕ್ಕೆ ಬರಲಿ. ಹೀಗೆ ಮಾಡದಿದ್ದರೆ ಕಡೆಗೆ ನೀವು ಅಳೆಯುವುದು ನೀರಿನ ತಿಳಿವಳಿಕೆಯನ್ನಲ್ಲ, ಕನ್ನಡದ ಓಟವನ್ನು.

ನಾಲ್ಕೇ ನಾಲ್ಕು ಕಲಿಕಾ ಫಲ

ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಪಠ್ಯಕ್ರಮ ಮಾಡುವವರ ಮುಂದೆ ನಾಲ್ಕು ಪ್ರಶ್ನೆ ಇಟ್ಟರು. ಗುರಿ ಏನು, ಅದಕ್ಕೆ ಎಂಥ ಅನುಭವ ಬೇಕು, ಅವನ್ನು ಜೋಡಿಸುವುದು ಹೇಗೆ, ಗುರಿ ಮುಟ್ಟಿದ್ದು ಗೊತ್ತಾಗುವುದು ಹೇಗೆ. ನಾವು ಸಾಮಾನ್ಯವಾಗಿ ಎರಡನೆಯದಕ್ಕೆ ನೇರ ಹಾರುತ್ತೇವೆ. ಚಾರ್ಟು ಮಾಡಿಸೋಣ, ಜಾಥಾ ಮಾಡೋಣ, ಹಾಡು ಹೇಳಿಸೋಣ. ಯಾತಕ್ಕೆ ಎಂದು ಆಮೇಲೆ ಹುಡುಕುತ್ತೇವೆ.

"ಮಕ್ಕಳು ನೀರಿನ ಮಹತ್ವ ತಿಳಿಯುವರು" ಎಂದು ಬರೆಯಬೇಡಿ. ತಿಳಿದರೋ ಇಲ್ಲವೋ ಯಾರು ನೋಡಿದರು? ಕಣ್ಣಿಗೆ ಕಾಣುವ ಕೆಲಸವನ್ನು ಬರೆಯಿರಿ. ನಮ್ಮ ಘಟಕಕ್ಕೆ ಹೀಗೆ:

1. ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂದು ಕೊಟ್ಟರೆ, ಒಂದು ಚಾವಣಿಯ ಮೇಲೆ ಬಿದ್ದ ನೀರನ್ನು ಲೀಟರ್‌ನಲ್ಲಿ ಲೆಕ್ಕ ಹಾಕುತ್ತಾರೆ.
2. ಎರಡು ವಾರದ ಮಳೆಯ ಅಂಕಿಗಳಿಂದ ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಕಂಡುಹಿಡಿದು, ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ತೋರಿಸುತ್ತಾರೆ.
3. ಊರಿನ ಒಂದು ನೀರಿನ ವ್ಯವಸ್ಥೆಯ ನಕ್ಷೆ ಬಿಡಿಸಿ, ನೀರು ಹರಿಯುವ ದಿಕ್ಕಿಗೆ ಬಾಣ ಹಾಕಿ ವಿವರಿಸುತ್ತಾರೆ.
4. ನೀರು ಹಂಚುವ ವಿಷಯದಲ್ಲಿ ಒಂದು ನಿಲುವು ತೆಗೆದುಕೊಂಡು ಕಾರಣ ಕೊಡುತ್ತಾರೆ, ಎದುರಿನವರ ಕಾರಣವನ್ನೂ ಒಂದು ಬರೆಯುತ್ತಾರೆ.

ಐದನೆಯದು ಸೇರಿಸಲು ಮನಸ್ಸಾಗುತ್ತದೆ. ಸೇರಿಸಬೇಡಿ. ಹನ್ನೆರಡು ಪೀರಿಯಡ್‌ನಲ್ಲಿ ನಾಲ್ಕೇ ಜಾಸ್ತಿ.

ಪ್ರಶ್ನೆಪತ್ರಿಕೆ ಈಗಲೇ ಬರೆಯಿರಿ

ಇಲ್ಲಿ ಬಹಳಷ್ಟು ಜನ ತಕರಾರು ಮಾಡುತ್ತಾರೆ. ಪಾಠವೇ ಆಗಿಲ್ಲ, ಪರೀಕ್ಷೆ ಹೇಗೆ ಬರೆಯುವುದು? ಅದಕ್ಕೇ ಬರೆಯಬೇಕು. ಪಾಠ ಮುಗಿದ ಮೇಲೆ ಬರೆದರೆ ನೀವು ಹೇಳಿದ್ದನ್ನೇ ಕೇಳುತ್ತೀರಿ, ಕಲಿಯಬೇಕಿದ್ದದ್ದನ್ನಲ್ಲ. ಹೈಸ್ಕೂಲಿನವರಿಗೆ ಎಸ್ಸೆಸ್ಸೆಲ್ಸಿ ನೀಲನಕ್ಷೆ, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಅಭ್ಯಾಸ ಇದ್ದೇ ಇದೆ. ಅದೇ ರೀತಿ ಇಲ್ಲಿಯೂ 20 ಅಂಕವನ್ನು ನಾಲ್ಕು ಫಲಗಳಿಗೆ ಹಂಚಿ. ಚಾವಣಿ ಲೆಕ್ಕಕ್ಕೆ 6, ಅಂಕಿ ಓದುವುದಕ್ಕೆ 5, ನಕ್ಷೆಗೆ 4, ನಿಲುವಿಗೆ 5.

ಪ್ರಶ್ನೆ ಎಂಥದ್ದಿರಬೇಕು? ಒಂದು ಉದಾಹರಣೆ. "ವಾಣಿ ವಿಲಾಸ ಸಾಗರ ಯಾವಾಗ ಕಟ್ಟಿ ಮುಗಿಯಿತು?" 1907 ಎಂದು ಬರೆದರೆ ಮುಗಿಯಿತು. ಬಾಯಿಪಾಠ ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಅದರ ಬದಲು ಹೀಗೆ ಕೇಳಿ: "ಈ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ತುಂಬಲಿಲ್ಲ ಅಂದಮೇಲೆ ಅಣೆಕಟ್ಟು ಕಟ್ಟಿದ್ದು ದಂಡವಾ? ನಿಮ್ಮ ಅಭಿಪ್ರಾಯಕ್ಕೆ ಎರಡು ಕಾರಣ ಕೊಡಿ." ಇಸವಿಗಳನ್ನು ನಾವೇ ಕೊಟ್ಟಿದ್ದೇವೆ. ಮಗು ಯೋಚಿಸಬೇಕಾದದ್ದು ಬೇರೆ. ತುಂಬುವುದು ಬೇರೆ, ಉಪಯೋಗಕ್ಕೆ ಬರುವುದು ಬೇರೆ ಎಂದು ಅದಕ್ಕೆ ಹೊಳೆಯಬೇಕು. ಹಿರಿಯೂರು, ಚಿತ್ರದುರ್ಗಕ್ಕೆ ಕುಡಿಯುವ ನೀರು ಅಲ್ಲಿಂದ ಬರುತ್ತದೆ ಎಂದು ಗೊತ್ತಿರುವ ಮಗು ಥಟ್ಟನೆ ಹಿಡಿಯುತ್ತದೆ.

ಇಂಥ ಪ್ರಶ್ನೆಗೆ ಅಂಕ ಹಾಕುವ ಬಗೆಯನ್ನೂ ಇವತ್ತೇ ಬರೆದಿಡಿ. ನಿಲುವು ಸ್ಪಷ್ಟ ಇದ್ದರೆ 1, ಎರಡು ಕಾರಣಕ್ಕೆ 2, ಎದುರಿನ ಕಾರಣ ಒಂದಕ್ಕೆ 1, ಅಂಕಿಯನ್ನೋ ಊರಿನ ಸಂಗತಿಯನ್ನೋ ಬಳಸಿದ್ದರೆ 1. ಕಾಗುಣಿತ ತಪ್ಪಿಗೆ ಅಂಕ ಕಳೆಯಬೇಡಿ. ಕಾಗುಣಿತ ನೋಡಬೇಕು ಅಂತಿದ್ದರೆ ಅದಕ್ಕೆ ಬೇರೆ ಪರೀಕ್ಷೆ ಇಡಿ.

ಹನ್ನೆರಡು ಪೀರಿಯಡ್

ಕಾಲ ಯಾವುದು ಎನ್ನುವುದು ಮುಖ್ಯ. ಚಿತ್ರದುರ್ಗದ ಪೂರ್ವ ಭಾಗಕ್ಕೆ ಜೂನ್-ಜುಲೈ ಮಳೆ ನೆಚ್ಚಿಕೊಳ್ಳುವ ಹಾಗಿಲ್ಲ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಕಡೆಗೇ ಕಣ್ಣು. ಹಾಗಾಗಿ ಆಗಸ್ಟ್ ಕೊನೆಗೆ ಶುರು ಮಾಡಿ, ದಸರಾ ರಜೆಗೆ ಮೊದಲು ಮುಗಿಸಿ. ಮಳೆ ಬರಲೇ ಇಲ್ಲ ಅಂದರೂ ಅದೇ ದತ್ತಾಂಶ. ಸೊನ್ನೆಯನ್ನೂ ಬರೆಯಲು ಮಕ್ಕಳಿಗೆ ಹೇಳಿ.

ಮೊದಲ ಎರಡು ಪೀರಿಯಡ್ ಮಳೆ ಮಾಪಕ ಮಾಡಲು. ದೊಡ್ಡ ಕೂಲ್‌ಡ್ರಿಂಕ್ ಬಾಟಲಿ ತಂದು, ಬದಿ ನೆಟ್ಟಗಿರುವ ಭಾಗದ ಮೇಲಕ್ಕೆ ಕತ್ತರಿಸಿ, ಮೇಲಿನ ತುಂಡನ್ನು ಲಾಳಿಕೆಯ ಹಾಗೆ ತಲೆಕೆಳಗೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ಅಲ್ಲಿ ಸಣ್ಣ ಕಲ್ಲು ಹಾಕಿ, ನೀರು ತುಂಬಿ, ನೆಟ್ಟಗಿನ ಭಾಗ ಶುರುವಾಗುವಲ್ಲಿ ಸೊನ್ನೆ ಗೆರೆ ಎಳೆಯಿರಿ. ಸ್ಕೇಲು ಅಂಟಿಸಿದರೆ ಆಯಿತು. ಗೋಡೆ, ಮರದಿಂದ ದೂರ ಇಡಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳತೆ ತೆಗೆಯುತ್ತದೆ. ನಿಮ್ಮವರೂ ದಿನವೂ ಒಂದೇ ಹೊತ್ತಿಗೆ ತೆಗೆಯಲಿ, ಬೇಗ ಬರುವ ಮಕ್ಕಳಿಗೆ ಆ ಜವಾಬ್ದಾರಿ ಕೊಡಿ. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಆ ಅಂಕಿಯ ಜೊತೆ ನಿಮ್ಮ ಬಾಟಲಿ ಅಂಕಿ ಹೋಲಿಸಿ. ಎರಡೂ ಒಂದೇ ಬರುವುದಿಲ್ಲ. ಯಾಕೆ ಅಂತ ಮಾತಾಡುವುದೇ ಒಂದು ಒಳ್ಳೆಯ ಪಾಠ.

ಮೂರರಿಂದ ಐದನೇ ಪೀರಿಯಡ್ ಚಾವಣಿ ಲೆಕ್ಕ. ಘಟಕದ ಜೀವ ಇಲ್ಲೇ ಇದೆ, ಆದ್ದರಿಂದ ನಿಧಾನವಾಗಿ ಹೋಗಿ. ಸೂತ್ರ ಹೇಳಿಕೊಡಬೇಡಿ. ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಚೌಕ ಬಿಡಿಸಿ. ಇದರ ಮೇಲೆ ಒಂದು ಮಿಲಿಮೀಟರ್ ಎತ್ತರ ನೀರು ನಿಂತರೆ ಎಷ್ಟು ಬಿಂದಿಗೆ ಆಗಬಹುದು ಎಂದು ಕೇಳಿ. ಮಕ್ಕಳು ಹತ್ತು, ಇಪ್ಪತ್ತು ಬಿಂದಿಗೆ ಅನ್ನುತ್ತಾರೆ. ಚೌಕ ಅಷ್ಟು ದೊಡ್ಡದಾಗಿ ಕಾಣುತ್ತದೆ. ಆಮೇಲೆ ಲೆಕ್ಕ ಮಾಡಿಸಿ: 100 ಸೆಂಟಿಮೀಟರ್, 100 ಸೆಂಟಿಮೀಟರ್, 0.1 ಸೆಂಟಿಮೀಟರ್. ಗುಣಿಸಿದರೆ 1000 ಘನ ಸೆಂಟಿಮೀಟರ್, ಅಂದರೆ ಒಂದು ಲೀಟರ್. ಒಂದು ಲೀಟರ್ ಬಾಟಲಿ ಎತ್ತಿ ತೋರಿಸಿ. ಇಷ್ಟೇನಾ ಎಂದು ತರಗತಿ ನಗುತ್ತದೆ.

ಈಗ ಟೇಪು ಹಿಡಿದು ತರಗತಿ ಕೋಣೆ ಅಳೆಯಲಿ. 10 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ. ವಿಸ್ತೀರ್ಣ 60 ಚದರ ಮೀಟರ್. ರಾತ್ರಿ 15 ಮಿಲಿಮೀಟರ್ ಮಳೆ ಬಿತ್ತು. 60ನ್ನು 15ರಿಂದ ಗುಣಿಸಿದರೆ 900 ಲೀಟರ್. ಅಷ್ಟೂ ತೊಟ್ಟಿಗೆ ಬರುವುದಿಲ್ಲ. ಚಾವಣಿ ಹೀರುತ್ತದೆ, ಒಂದಷ್ಟು ಸಿಡಿದು ಹೋಗುತ್ತದೆ, ಮೊದಲ ನೀರು ಕೊಳೆ ಅಂತ ಬಿಡುತ್ತೇವೆ. ನೂರಕ್ಕೆ 80 ಸಿಗುತ್ತದೆ ಎಂದು ಹಿಡಿದರೆ 720 ಲೀಟರ್. ಬಿಸಿಯೂಟಕ್ಕೆ, ಪಾತ್ರೆ ತೊಳೆಯುವುದಕ್ಕೆ ದಿನಕ್ಕೆ ಎಷ್ಟು ನೀರು ಬೇಕು ಎಂದು ಅಡುಗೆಯವರನ್ನು ಕೇಳಿ ಬರಲು ಇಬ್ಬರನ್ನು ಕಳಿಸಿ. ಎಷ್ಟು ದಿನಕ್ಕೆ ಸಾಕು ಎಂಬ ಭಾಗಾಕಾರವನ್ನು ಅವರೇ ಮಾಡಿಕೊಂಡು ಬರುತ್ತಾರೆ.

ಇಲ್ಲಿ ಒಂದು ತಪ್ಪು ಪದೇ ಪದೇ ಬರುತ್ತದೆ. ಇಳಿಜಾರು ಶೀಟಿನ ಚಾವಣಿ ಇದ್ದರೆ ಮಕ್ಕಳು ಶೀಟಿನ ಉದ್ದವನ್ನೇ ಅಳೆಯುತ್ತಾರೆ. ಮಳೆಗೆ ಲೆಕ್ಕ ನೆಲದ ಮೇಲೆ ಅದರ ನೆರಳು ಎಷ್ಟು ಜಾಗ ಹಿಡಿಯುತ್ತದೆ ಎನ್ನುವುದು, ನೆತ್ತಿಯ ಮೇಲೆ ಸೂರ್ಯ ಇದ್ದಾಗಿನ ನೆರಳು. ಇದನ್ನು ನೀವಾಗಿ ಹೇಳಬೇಡಿ. ಯಾರಾದರೂ ಕೇಳುವ ತನಕ ಕಾಯಿರಿ.

ಆರು, ಏಳನೇ ಪೀರಿಯಡ್ ಮಳೆಯ ಅಂಕಿಗಳಿಗೆ. ಹದಿನಾಲ್ಕು ದಿನದಲ್ಲಿ ಒಂದು ದಿನ 42 ಮಿಲಿಮೀಟರ್, ಇನ್ನೊಂದು ದಿನ 14, ಉಳಿದ ಹನ್ನೆರಡು ದಿನ ಸೊನ್ನೆ. ಸರಾಸರಿ ದಿನಕ್ಕೆ 4. ಮಧ್ಯಾಂಕ ಸೊನ್ನೆ. "ದಿನಾ 4 ಮಿಲಿಮೀಟರ್ ಮಳೆಯಾಯಿತು" ಎಂದು ಶೇಂಗಾ ಹಾಕಿದ ರೈತನ ಮುಂದೆ ಹೇಳಿದರೆ ಏನಂತಾನೆ ಎಂದು ಕೇಳಿ. ಮಧ್ಯಾಂಕ ಯಾತಕ್ಕೆ ಬೇಕು ಎಂದು ನಾನು ನೋಡಿದ ಯಾವ ವಿವರಣೆಗಿಂತಲೂ ಈ ಪ್ರಶ್ನೆ ಚೆನ್ನಾಗಿ ಕಲಿಸುತ್ತದೆ.

ಎಂಟು, ಒಂಬತ್ತು ಹೊರಗೆ. ದುರ್ಗದವರಿಗೆ ಕೋಟೆ ಹೊಂಡ, ಉಳಿದವರಿಗೆ ಊರಿನ ಕೆರೆ: ಏರಿ, ತೂಬು, ಕೋಡಿ. ಪೋಷಕರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ. ನೀರಿನ ಅಂಚಿಗೆ ಯಾರೂ ಇಳಿಯುವಂತಿಲ್ಲ, ಇನ್ನೊಬ್ಬ ಶಿಕ್ಷಕರು ಜೊತೆಗೆ ಇರಲೇಬೇಕು. ಹತ್ತು, ಹನ್ನೊಂದು ಚರ್ಚೆ, ಬರವಣಿಗೆ. ಹನ್ನೆರಡನೆಯದು ಪರೀಕ್ಷೆ. 5ಇ ಮಾದರಿಯಲ್ಲೇ (ತೊಡಗಿಸು, ಅನ್ವೇಷಿಸು, ವಿವರಿಸು, ವಿಸ್ತರಿಸು, ಮೌಲ್ಯಮಾಪನ ಮಾಡು ಎಂಬ ಐದು ಹಂತ) ಪಾಠಯೋಜನೆ ಬೇಕು ಅಂತ ನಿಮ್ಮಲ್ಲಿ ಕೇಳುತ್ತಾರಾ? ಈ ಕ್ರಮ ಅದಕ್ಕೆ ಹೊಂದುತ್ತದೆ, ತಲೆಬರಹ ಹಾಕಿದರೆ ಸಾಕು.

ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂರಲಿ

ಕನಿಷ್ಠ ಎರಡು ಪೀರಿಯಡ್‌ಗೆ ಒಬ್ಬ ಸಹೋದ್ಯೋಗಿಯನ್ನು ಕರೆಯಿರಿ. ಮುಖ್ಯಶಿಕ್ಷಕರು ಬೇಡ, ಮಕ್ಕಳು ಬಿಗಿದುಕೊಳ್ಳುತ್ತಾರೆ, ನೀವೂ ಬಿಗಿದುಕೊಳ್ಳುತ್ತೀರಿ. ಅವರು "ಪಾಠ ಚೆನ್ನಾಗಿತ್ತು" ಎಂದು ಬರೆಯುವುದು ಬೇಡ. ಮೂರು ಸಂಗತಿ ಎಣಿಸಲಿ. ಎಷ್ಟು ಮಕ್ಕಳು ಬಾಯಿ ಬಿಟ್ಟರು, ಹುಡುಗಿಯರೆಷ್ಟು, ಕೊನೆ ಸಾಲಿನವರೆಷ್ಟು? ನಿಮ್ಮ ಪ್ರಶ್ನೆಗಳಲ್ಲಿ ಹೌದು-ಇಲ್ಲ ಎಂದು ಮುಗಿಯುವವು ಎಷ್ಟು? ಪ್ರಶ್ನೆ ಕೇಳಿ ಎಷ್ಟು ಸೆಕೆಂಡ್ ಕಾದಿರಿ?

ಮೂರನೆಯದು ಸಣ್ಣದು ಅನ್ನಿಸಬಹುದು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳೂ ಮಾತಾಡತೊಡಗಿದರು. ಕನ್ನಡವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೇಳಬೇಕಾದ ಮಗುವಿಗೆ ಆ ಎರಡು ಸೆಕೆಂಡ್ ದೊಡ್ಡದು.

ಉತ್ತರಪತ್ರಿಕೆ ಏನು ಹೇಳುತ್ತದೆ

ಪಾಠಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಇದೇ 20 ಅಂಕದ ಪತ್ರಿಕೆ ಕೊಡಿ. ಲೆಕ್ಕದ ಅಂಕಿಗಳನ್ನು ಬದಲಿಸಿದರೆ ಸಾಕು. ಮೊದಲು ಸರಾಸರಿ 6 ಇತ್ತು, ಆಮೇಲೆ 13 ಆಯಿತು ಅಂದುಕೊಳ್ಳಿ. 7 ಅಂಕ ಏರಿಕೆ. ಪಕ್ಕದ ಶಾಲೆಯಲ್ಲಿ 12ರಿಂದ 16 ಆಯಿತು, ಏರಿಕೆ 4. ನಿಮ್ಮದೇ ಮೇಲು ಅನ್ನಿಸುತ್ತದೆ. ಆದರೆ ಅವರಿಗೆ ಏರಲು ಉಳಿದದ್ದೇ 8 ಅಂಕ, ನಿಮಗೆ 14 ಇತ್ತು. ಏರಿದ್ದನ್ನು ಏರಲು ಉಳಿದದ್ದರಿಂದ ಭಾಗಿಸಿ. 7 ಭಾಗಿಸು 14, ಅರ್ಧ. 4 ಭಾಗಿಸು 8, ಅದೂ ಅರ್ಧ. ಎರಡು ಕಡೆಯೂ ಪಾಠ ಒಂದೇ ಸಮ ಕೆಲಸ ಮಾಡಿದೆ. ಈ ಸಂಖ್ಯೆ 0.3ಕ್ಕಿಂತ ಕಡಿಮೆ ಬಂದರೆ ವಿಧಾನವನ್ನೇ ಮತ್ತೆ ನೋಡಬೇಕು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಸರಾಸರಿಯ ಕೆಳಗೆ ಅಡಗಿದ ಮಕ್ಕಳನ್ನೂ ಮರೆಯಬೇಡಿ. ಒಂದಂಕವೂ ಏರದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ಮುಂದೆ ಒಂದೊಂದೇ ಪ್ರಶ್ನೆ ತೆಗೆದುಕೊಳ್ಳಿ. ತರಗತಿಯಲ್ಲಿ 30 ಮಕ್ಕಳಿದ್ದರೆ ಒಟ್ಟು ಅಂಕದಲ್ಲಿ ಮೇಲಿನ 8, ಕೆಳಗಿನ 8 ಉತ್ತರಪತ್ರಿಕೆ ಬೇರೆ ಮಾಡಿ. ನೂರಕ್ಕೆ 27ರಷ್ಟು ತೆಗೆದುಕೊಳ್ಳುವುದು ಹಳೆಯ ರೂಢಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 7 ಜನ, ಕೆಳಗಿನವರಲ್ಲಿ 2 ಜನ ಸರಿ ಬರೆದಿದ್ದರೆ, ವ್ಯತ್ಯಾಸ 5, ಅದನ್ನು ಒಂದು ಗುಂಪಿನ 8 ಜನರಿಂದ ಭಾಗಿಸಿದರೆ 0.63. ಪ್ರಶ್ನೆ ಚೆನ್ನಾಗಿದೆ. ಕಲಿತವರನ್ನು, ಕಲಿಯದವರನ್ನು ಬೇರೆ ಮಾಡಿ ತೋರಿಸುತ್ತಿದೆ. 0.2ಕ್ಕಿಂತ ಕೆಳಗಿದ್ದರೆ ಅನುಮಾನ ಪಡಿ. ಸೊನ್ನೆಗಿಂತ ಕೆಳಗೆ ಹೋದರೆ ತಪ್ಪು ಮಕ್ಕಳದ್ದಲ್ಲ, ಪ್ರಶ್ನೆಯದ್ದು.

ಅದು ಹೇಗೆ ಆಗುತ್ತದೆ? "ಕೆರೆ ಕೋಡಿ ಬೀಳುವುದು ಒಳ್ಳೆಯದು: ಸರಿಯೋ, ತಪ್ಪೋ?" ಎಂದು ಕೇಳಿದಿರಿ ಅಂತಿಟ್ಟುಕೊಳ್ಳಿ. ನಿಮ್ಮ ಉತ್ತರ 'ಸರಿ'. ಹಿಂದುಳಿದ ಮಕ್ಕಳು ಟಿಕ್ ಹಾಕಿ ಮುಂದೆ ಹೋದರು. ಜಾಣ ಮಗುವೊಂದು ಕೆರೆ ಕೆಳಗಿನ ಈರುಳ್ಳಿ ಹೊಲಕ್ಕೆ ನೀರು ನುಗ್ಗಿದ್ದನ್ನು ನೆನೆದು 'ತಪ್ಪು' ಎಂದು ಬರೆಯಿತು. ನಿಮ್ಮ ಘಟಕ ಕಲಿಸಿದ್ದು ಅದನ್ನೇ ಅಲ್ವಾ, ಎರಡೂ ಕಡೆ ನೋಡು ಅಂತ? ಅಂಕ ಮಾತ್ರ ಹೋಯಿತು. ಇಂಥ ಪ್ರಶ್ನೆಯನ್ನು ಕಿತ್ತುಹಾಕಿ.

ಹನ್ನೆರಡು, ಹದಿನೈದು ಮಕ್ಕಳ ಶಾಲೆಯಾದರೆ ಈ ಭಾಗಾಕಾರಕ್ಕೆ ಅರ್ಥವಿಲ್ಲ. ಒಬ್ಬ ಮಗು ಜ್ವರ ಬಂದು ಬರದಿದ್ದರೆ ಸಂಖ್ಯೆಯೇ ಬದಲಾಗುತ್ತದೆ. ಅಂಥಲ್ಲಿ ಎಲ್ಲ ಉತ್ತರಪತ್ರಿಕೆಗಳನ್ನು ನೆಲದ ಮೇಲೆ ಹರಡಿ, ಪ್ರಶ್ನೆ ಪ್ರಕಾರ ಓದಿ. ಒಂದೇ ಬಗೆಯ ತಪ್ಪು ನಾಲ್ಕು ಕಡೆ ಕಂಡರೆ ಅದು ಪಾಠದಲ್ಲಿ ಉಳಿದ ಸಂದು.

ನಿಲುವಿನ ಪ್ರಶ್ನೆಗೆ ಮಾತ್ರ ಒಂದು ಹೆಚ್ಚಿನ ಕೆಲಸ. ಹತ್ತು ಉತ್ತರಗಳನ್ನು, ನೀವು ಹಾಕಿದ ಅಂಕ ಕಾಣದ ಹಾಗೆ, ಇನ್ನೊಬ್ಬರಿಂದ ತಿದ್ದಿಸಿ. ಐದಕ್ಕೆ ಎರಡು ಅಂಕದ ವ್ಯತ್ಯಾಸ ಬಂದ ಉತ್ತರಗಳನ್ನು ಇಬ್ಬರೂ ಕೂತು ಓದಿ. ಸಾಮಾನ್ಯವಾಗಿ ಜಗಳ ಬರುವುದು 'ಕಾರಣ' ಅಂದರೆ ಏನು ಎನ್ನುವುದರಲ್ಲಿ. "ನೀರು ಜೀವಜಲ" ಎಂಬುದು ಕಾರಣವಾ, ಘೋಷಣೆಯಾ? ಒಂದು ತೀರ್ಮಾನಕ್ಕೆ ಬಂದು, ಅಂಕ ಹಾಕಲು ಬರೆದಿಟ್ಟ ಮಾನದಂಡದಲ್ಲಿ ಸೇರಿಸಿ. ನನ್ನನ್ನು ಕೇಳಿದರೆ ಘೋಷಣೆಗೆ ಸೊನ್ನೆ.

ಮಕ್ಕಳನ್ನು, ಮನೆಯವರನ್ನು ಕೇಳುವುದು

ಹೆಸರಿಲ್ಲದ ಚೀಟಿಯಲ್ಲಿ ಎರಡು ಸಾಲು: ಯಾವ ದಿನ ಅರ್ಥವಾಗಲಿಲ್ಲ, ಯಾವುದನ್ನು ಮನೆಯಲ್ಲಿ ಹೇಳಿದಿರಿ. "ಪಾಠ ಇಷ್ಟವಾಯಿತಾ" ಎಂದು ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳೇ ಚಾವಣಿ ಲೆಕ್ಕ ಹೇಳಲಿ. ಸದಸ್ಯರು ಕೇಳುವ ಮೊದಲ ಪ್ರಶ್ನೆ "ಹಾಗಾದರೆ ತೊಟ್ಟಿಗೆ ಎಷ್ಟು ಖರ್ಚಾಗುತ್ತೆ?" ಎಂದು ಇರುತ್ತದೆ. ಮುಂದಿನ ವರ್ಷದ ಗಣಿತದ ಪ್ರಶ್ನೆ ಅಲ್ಲೇ ಸಿಕ್ಕಿತು.

ತಿದ್ದುವುದು, ಕೈ ದಾಟಿಸುವುದು

ದಸರಾ ರಜೆ ಮುಗಿದ ವಾರದಲ್ಲೇ ತಿದ್ದಿ. ತಡ ಮಾಡಿದರೆ ನೆನಪು ಹೋಗುತ್ತದೆ. ಪ್ರತಿ ಪೀರಿಯಡ್‌ನ ಮುಂದೆ ಇರಲಿ, ಬದಲಿಸು, ಬೇಡ ಎಂಬ ಮೂರರಲ್ಲಿ ಒಂದನ್ನು ಬರೆದು, ಪಕ್ಕದಲ್ಲಿ ಒಂದು ಸಾಲಿನ ಕಾರಣ ಕೊಡಿ. ಕಾರಣ ಉತ್ತರಪತ್ರಿಕೆಯಿಂದಲೋ, ಹಿಂದೆ ಕೂತವರ ಎಣಿಕೆಯಿಂದಲೋ, ಚೀಟಿಯಿಂದಲೋ ಬರಬೇಕು. "ನನಗೆ ಹಾಗನ್ನಿಸಿತು" ಸಾಲದು. ಒಂದೇ ಸಲಕ್ಕೆ ಎಲ್ಲ ಬದಲಿಸಬೇಡಿ. ಎರಡು ಮೂರು ಬದಲಾವಣೆ ಮಾತ್ರ ಮಾಡಿದರೆ ಮುಂದಿನ ವರ್ಷ ಯಾವುದರಿಂದ ಏನಾಯಿತು ಎಂದು ಹೇಳಬಹುದು.

ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಗೆ ಇದನ್ನು ಒಯ್ಯಿರಿ. ಪಿಪಿಟಿ ಬೇಡ. ಪ್ರಶ್ನೆಪತ್ರಿಕೆ, ಮಾನದಂಡ, ಮೂರು ಉತ್ತರಪತ್ರಿಕೆಯ ಜೆರಾಕ್ಸ್ ಸಾಕು, ಮಕ್ಕಳ ಹೆಸರು ಮುಚ್ಚಿ. ಪಕ್ಕದ ಊರಿನ ಇಬ್ಬರು ಒಪ್ಪಿಕೊಂಡರೆ ಮುಂದಿನ ಸಲ ಮೂರು ಶಾಲೆಯಲ್ಲಿ ಒಂದೇ ಪತ್ರಿಕೆ ಇಡಬಹುದು. ಆಗ ಮೇಲೆ ಹೇಳಿದ ಪ್ರಶ್ನೆವಾರು ಲೆಕ್ಕಕ್ಕೂ ಸಾಕಷ್ಟು ಮಕ್ಕಳು ಸಿಗುತ್ತಾರೆ, ಸಣ್ಣ ಶಾಲೆಯವರಿಗೂ ಅನುಕೂಲ. ಡಯಟ್‌ನವರನ್ನು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರನ್ನು) ಆ ಹಂತದಲ್ಲಿ ಕರೆಯಿರಿ, ಮೊದಲೇ ಬೇಡ. ತೋರಿಸಲು ಕೈಯಲ್ಲಿ ಏನಾದರೂ ಇದ್ದಾಗ ಮಾತು ಬೇರೆಯೇ ಆಗಿರುತ್ತದೆ.

ನಮ್ಮಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಬಂತೆಂದರೆ ಇಂಥ ಕೆಲಸ ಮೇಷ್ಟ್ರ ಜೊತೆಗೇ ಹೊರಟುಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿ, ಶಾಲೆಯಲ್ಲೇ ಬಿಡಿ. ಮೊದಲ ಹಾಳೆಯಲ್ಲಿ ನಾಲ್ಕು ಫಲ, ಎರಡನೆಯದರಲ್ಲಿ ಪ್ರಶ್ನೆಪತ್ರಿಕೆ ಮತ್ತು ಮಾನದಂಡ, ಮೂರನೆಯದರಲ್ಲಿ ಪೀರಿಯಡ್‌ಗಳ ಪಟ್ಟಿ, ಅದರ ಹಿಂದೆ ತಿದ್ದುಪಡಿ ಹಾಳೆ. ಮಳೆಯ ಅಂಕಿಗಳ ಪಟ್ಟಿಯನ್ನು ಪ್ರತಿ ವರ್ಷದ್ದು ಪ್ರತ್ಯೇಕವಾಗಿ, ತಾರೀಕು ಸಮೇತ ಇಡಿ. ಮುಂದಿನ ಬ್ಯಾಚಿಗೆ ಸರಾಸರಿ, ಮಧ್ಯಾಂಕದ ಲೆಕ್ಕ ಆ ಹಾಳೆಯಿಂದಲೇ ಶುರು ಮಾಡಬಹುದು.